ನಾನು ಟಿಕ್ ಹಾಕಿದ ನಲವತ್ತೊಂದು ಗಂಡಸರು

ಎಮ್ಮಿಗನೂರಿನ ಆ ಟ್ಯಾಂಕರ್ ಡ್ರೈವರ್ ಹಾರ್ಟ್ ಅಟ್ಯಾಕಿನಿಂದ ಸಾಯಲಿಲ್ಲ. ತಾನೇ ಜೀವ ತೆಗೆದುಕೊಂಡ. ಅವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಮನಸ್ಸಿಗೆ ಬೇಸರವಿಲ್ಲ, ಬದುಕು ಬೇಡ ಅಂತ ಒಂದು ದಿನವೂ ಅನಿಸಿಲ್ಲ ಎಂದು ಟಿಕ್ ಹಾಕಿ ಕೊಟ್ಟವಳು ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ಬರಹವನ್ನು ಅಷ್ಟು ದೊಡ್ಡ ಕಂಪನಿ ನಂಬಿತ್ತು.

ನನ್ನ ಮಗ ಸಂಡೂರಿನ ಕಡೆ ಒಂದು ಅದಿರಿನ ಗಣಿಯಲ್ಲಿ ಮೇಟ್. ಮೇಟ್ ಅಂದರೆ ಒಂದು ಪಾಳಿಯ ಆಳುಗಳಿಗೆ ಜವಾಬ್ದಾರ. ಹೆಲ್ಮೆಟ್ ಹಾಕಿದ್ದಾರೋ ಇಲ್ಲವೋ, ಕುಡಿದು ಬಂದಿದ್ದಾರೋ, ಬೂಟಿನ ಲೇಸು ಕಟ್ಟಿದ್ದಾರೋ ಎಲ್ಲ ಅವನೇ ನೋಡಬೇಕು. ಅವನ ಕೈಕೆಳಗೆ ನಲವತ್ತು ಮಂದಿ. ನಾವಿರುವುದು ಹೊಸಪೇಟೆಯಲ್ಲಿ, ಕಾಲುವೆಯ ಪಕ್ಕದ ಓಣಿಯಲ್ಲಿ. ಬೆಳಗಿನ ಐದೂವರೆಗೆ ಕಂಪನಿಯ ಬಸ್ಸು ಓಣಿಯ ತುದಿಗೆ ಬಂದು ನಿಲ್ಲುತ್ತದೆ. ಬಿಳಿ ಅಂಗಿ ಹಾಕಿಕೊಂಡು ಹೋದ ಮಗ ಸಂಜೆಗೆ ಕೆಂಪಗಾಗಿ ಬರುತ್ತಾನೆ. ಎಷ್ಟು ಒಗೆದರೂ ಆ ಅಂಗಿಯ ಕಾಲರಿನಿಂದ ಸಂಡೂರು ಬಿಟ್ಟಿಲ್ಲ.

ಎರಡು ವರ್ಷದ ಹಿಂದೆ ಕಂಪನಿಯವರಿಗೆ ಇದ್ದಕ್ಕಿದ್ದಂತೆ ಗಂಡಸರ ಮನಸ್ಸಿನ ಚಿಂತೆ ಹತ್ತಿತು. ಹೊಸಪೇಟೆಯ ದೊಡ್ಡ ಹೋಟೆಲೊಂದರಲ್ಲಿ ಮೇಟ್‌ಗಳನ್ನೆಲ್ಲ ಕೂಡಿಸಿದರು. ಹೊರಗಿನಿಂದ ಬಂದ ಕೋಟಿನವರೊಬ್ಬರು ಗಂಡಸರೂ ಅಳಬಹುದು, ಅಳುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಪರದೆಯ ಮೇಲೆ ತೋರಿಸಿದರಂತೆ. ಸಂಜೆ ಮನೆಗೆ ಬಂದ ಮಗನನ್ನು ಏನು ಕಲಿಸಿದರು ಎಂದು ಕೇಳಿದೆ.

"ಊಟ ಮಸ್ತ್ ಇತ್ತು ಯವ್ವಾ. ಎರಡು ಥರದ್ ಸ್ವೀಟ್ ಇದ್ವು."

"ಯಾರರ ಅತ್ರೇನ್?"

"ಎಸಿ ಭಾಳ ಇಟ್ಟಿದ್ರು. ಎಲ್ಲಾರ ಕಣ್ಣಾಗೂ ನೀರ್ ಬಂದ್ವು."

ಆಮೇಲೆ ಬಂದದ್ದು ಹಾಳಿ. ಪ್ರತಿಯೊಬ್ಬನಿಗೂ ತಿಂಗಳಿಗೊಂದು. ಎಂಟು ಪ್ರಶ್ನೆ, ಪ್ರತಿ ಪ್ರಶ್ನೆಯ ಮುಂದೆ ಎರಡು ಚೌಕ. ಒಂದು ಹೌದು, ಒಂದು ಇಲ್ಲ. ನಿದ್ದೆಗೆ ತೊಂದರೆ ಇದೆಯೇ, ಸಿಟ್ಟು ಹೆಚ್ಚಾಗಿದೆಯೇ, ಕುಡಿತ ಹೆಚ್ಚಾಗಿದೆಯೇ, ಹೀಗೆ ಇಳಿದುಕೊಂಡು ಬಂದು ಕಡೆಯ ಪ್ರಶ್ನೆ, ಬದುಕು ಬೇಡ ಅನಿಸಿದೆಯೇ.

ಮೊದಲನೇ ತಿಂಗಳು ಅವರವರ ಹಾಳಿ ಅವರವರೇ ತುಂಬಿದರು. ಇಬ್ಬರು ಪಾಪದವರು ನಿದ್ದೆಯ ಮುಂದೆ ಹೌದು ಎಂದು ಹಾಕಿದರು. ಅವರನ್ನು ಡಂಪರಿನಿಂದ ಇಳಿಸಿ ಗೇಟಿನಲ್ಲಿ ಲಾರಿಗಳ ಚೀಟಿ ನೋಡಲು ಕೂಡಿಸಿದರು. ಒಳ್ಳೆಯದಕ್ಕೇ ಮಾಡಿದ್ದು. ನಿದ್ದೆಗೆಟ್ಟವನ ಕೈಗೆ ಮನೆಯಷ್ಟು ದೊಡ್ಡ ಗಾಡಿ ಕೊಡಬಾರದು. ಆದರೆ ಗಣಿಯಲ್ಲಿ ಡಂಪರ್ ಓಡಿಸುವವನು ಗಂಡಸು, ಚೀಟಿ ನೋಡುವವನು ಕೆಲಸಕ್ಕೆ ಬಾರದವನು. ಬಸ್ಸಿನಲ್ಲಿ ಅವರಿಬ್ಬರಿಗೆ ಹೊಸ ಹೆಸರು ಬಿತ್ತು. "ಏನ್ ಚೀಟಿ ಸಾಹೇಬ್ರ, ರಾತ್ರಿ ನಿದ್ದಿ ಬಂತಾ? ಜೋಗುಳ ಹಾಡಬೇಕಾ?"

ಎರಡನೇ ತಿಂಗಳು ನಲವತ್ತೊಂದು ಮಂದಿಗೂ ಗಡದ್ದಾಗಿ ನಿದ್ದೆ ಬಂತು. ಒಬ್ಬನಿಗೂ ಸಿಟ್ಟಿಲ್ಲ, ಕುಡಿತವಿಲ್ಲ, ಬೇಸರವಿಲ್ಲ. ಬುದ್ಧಿವಂತ ಕಂಪನಿಯಾಗಿದ್ದರೆ ಅವತ್ತೇ ಗಾಬರಿಯಾಗಬೇಕಿತ್ತು.

ಮೂರನೇ ತಿಂಗಳು ಆಳುಗಳು ನನ್ನ ಮಗನಿಗೆ ಅಂದರು, "ಮೇಟ್, ಹೆಂಗೂ ಎಲ್ಲಾ ಇಲ್ಲ ಅಂತನ ಹಾಕೋದು. ನೀವ ಹಾಕ್ಬಿಡ್ರಿ, ನಾವು ಸೈ ಮಾಡಿ ಕೊಡ್ತೀವಿ." ಹೀಗೆ ಸಹಿ ಮಾಡಿದ ಖಾಲಿ ಹಾಳಿಗಳ ಕಟ್ಟು ಭಾನುವಾರ ನಮ್ಮ ಮನೆಗೆ ಬರತೊಡಗಿತು. ಮಗ ಎರಡು ಹಾಳಿ ತುಂಬಿ ಮೂರನೆಯದಕ್ಕೆ ಆಕಳಿಸುತ್ತಿದ್ದ. "ಇಲ್ಲೆ ತಾ, ನೀ ಮಲಗು" ಎಂದು ನಾನು ಪೆನ್ನು ಇಸಿದುಕೊಂಡೆ. ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಕುಳಿತು ಒಂದು ಕಡೆ ಶೇಂಗಾ ಸುಲಿಯುವುದು, ಒಂದು ಕಡೆ ಟಿಕ್ ಹಾಕುವುದು. ನಲವತ್ತೊಂದು ಹಾಳಿ, ಮುನ್ನೂರ ಇಪ್ಪತ್ತೆಂಟು ಟಿಕ್. ಎಲ್ಲ ಒಂದೇ ನೇರಕ್ಕೆ ಬಂದರೆ ಅನುಮಾನ ಬಂದೀತೆಂದು ನಡುನಡುವೆ ಒಂದೊಂದು ಸೊಟ್ಟ ಹಾಕುತ್ತಿದ್ದೆ. ನನಗೆ ಅದು ತಪ್ಪು ಅನಿಸಲಿಲ್ಲ. ಗಂಡಸರು ಅಂದಮೇಲೆ ಹೀಗೇ. ಹೆಂಡತಿ ಕೇಳಿದರೂ ಏನಿಲ್ಲ ಅನ್ನುವವರು ಹಾಳಿ ಕೇಳಿದರೆ ಹೇಳುತ್ತಾರೆಯೇ?

ಅರ್ಧ ವರ್ಷ ಆದಮೇಲೆ ಮಗನ ಪಾಳಿಗೆ ಬಹುಮಾನ ಬಂತು. ಇಡೀ ಗಣಿಯಲ್ಲಿ ಮನಸ್ಸು ಅತಿ ಹೆಚ್ಚು ಆರೋಗ್ಯವಾಗಿರುವ ಪಾಳಿ ಅದು. ಮೇಟ್‌ಗೆ ಒಂದು ಶಾಲು, ಒಂದು ಸ್ಟೀಲಿನ ಹಾಟ್‌ಬಾಕ್ಸ್ ಕೊಟ್ಟರು. ಶಾಲು ಯಾರ ಮದುವೆಗೋ ಹೋಯಿತು. ಹಾಟ್‌ಬಾಕ್ಸ್ ಇನ್ನೂ ಇದೆ. ಮಧ್ಯಾಹ್ನ ಇಟ್ಟ ರೊಟ್ಟಿ ಸಂಜೆಗೂ ಬಿಸಿ ಇರುತ್ತದೆ. ಸುಳ್ಳಿಗೆ ಬಂದ ಸಾಮಾನು ಗಟ್ಟಿ.

ಆ ಟ್ಯಾಂಕರ್ ಡ್ರೈವರನ ವಿಷಯ ಹೇಳಬೇಕು. ಮೂವತ್ತರ ಆಸುಪಾಸಿನವನು. ಹೆಂಡತಿ ಮಕ್ಕಳು ಎಮ್ಮಿಗನೂರಲ್ಲಿ, ಇವನು ಹೊಸಪೇಟೆಯಲ್ಲಿ ರೂಮು ಮಾಡಿಕೊಂಡಿದ್ದ. ಧೂಳು ಏಳದಂತೆ ಗಣಿಯ ರಸ್ತೆಗಳಿಗೆ ದಿನವಿಡೀ ನೀರು ಹೊಡೆಯುವುದು ಅವನ ಕೆಲಸ. ಬಸ್ಸಿಗೆ ಕಾಲು ಗಂಟೆ ಮೊದಲೇ ನಮ್ಮ ಕಟ್ಟೆಗೆ ಬಂದು ಕೂತು, "ಯವ್ವಾ, ಚಾ ಆತಾ? ನಾ ಹೊಡದ ನೀರಿಗೆ ಸಂಡೂರಿನ ಗುಡ್ಡ ಇಷ್ಟೊತ್ತಿಗೆ ಚಿಗರಬೇಕಿತ್ತು. ಬರೇ ಕೆಸರು" ಅನ್ನುತ್ತಿದ್ದ. ಎಲ್ಲರನ್ನೂ ನಗಿಸುವವನು. ಕಡೆಯ ಹದಿನೈದು ದಿನ ಚಹಾ ಅರ್ಧ ಬಿಡತೊಡಗಿದ. ಸಕ್ಕರೆ ಕಮ್ಮಿಯಾಗಿದೆಯೇನೋ ಎಂದು ನಾನು ಒಂದು ಚಮಚ ಹೆಚ್ಚು ಹಾಕಿದೆ. ನನಗೆ ಗೊತ್ತಿದ್ದ ಔಷಧ ಅಷ್ಟೇ.

ಒಂದು ಶುಕ್ರವಾರ ಅವನು ಚಹಾಕ್ಕೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು.

ಮಣ್ಣಿಗೆ ನಾನೂ ಹೋದೆ. ಎಮ್ಮಿಗನೂರಿನ ಆ ಮನೆಯ ಮುಂದೆ ಊರೆಲ್ಲ ಹಾರ್ಟ್ ಹಾರ್ಟ್ ಅನ್ನುತ್ತಿತ್ತು. ಕಂಪನಿಯವರು ಹಾರ್ಟ್ ಅಂದರು, ಅಣ್ಣತಮ್ಮಂದಿರು ಹಾರ್ಟ್ ಅಂದರು. ಆದರೆ ಬೇವಿನ ಗಿಡದ ಕೆಳಗೆ ಇಬ್ಬರು ಪೊಲೀಸರು ನಿಂತು ಏನೋ ಬರೆದುಕೊಳ್ಳುತ್ತಿದ್ದರು. ಪೊಲೀಸರು ಹಾರ್ಟಿಗೆ ಬರುವುದಿಲ್ಲ. ಯಾಕೆ ಹಾಗೆ ಮಾಡಿಕೊಂಡ ಎಂದು ನನಗೆ ಗೊತ್ತಿಲ್ಲ. ಗೊತ್ತು ಎಂದು ಗುಸುಗುಸು ಅನ್ನುತ್ತಿದ್ದವರಿಗೂ ಗೊತ್ತಿರಲಿಲ್ಲ. ಅವನ ತಾಯಿ ಮಾತ್ರ ಏನೂ ಅನ್ನದೆ ಗೋಡೆಗೆ ಒರಗಿದ್ದಳು. ನನ್ನಷ್ಟೇ ವಯಸ್ಸು. ನಾನು ಅವಳ ಪಕ್ಕ ಕೂತು ಎದ್ದು ಬಂದೆ. ನಿನ್ನ ಮಗನ ಹಾಳಿ ತುಂಬಿದವಳು ನಾನು ಎಂದು ಹೇಳುವ ಧೈರ್ಯ ಬರಲಿಲ್ಲ.

ಅದಾದಮೇಲೆ ನನ್ನ ಮಗ ಸುಧಾರಿಸಿದ. ಮನೆಯವರೆಲ್ಲ ಹಾಗೇ ಅಂದರು.

ಅವನದು ಮೊದಲಿನಿಂದ ಗದರುವ ಬಾಯಿ. ಸಾರಿಗೆ ಉಪ್ಪು ಹೆಚ್ಚಾದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಅಂಥವನು ಉಪ್ಪೇ ಇಲ್ಲದ ಸಾರು ಉಂಡು ಎದ್ದು ಹೋದ. ಸೊಸೆ ಒಂಬತ್ತು ವರ್ಷದಿಂದ ಸ್ಕೂಟಿ ಕಲಿಸಿರಿ ಎಂದು ಕೇಳುತ್ತಿದ್ದಳು, ಇವನು "ನಿನಗ ಎಮ್ಮಿ ಹೊಡಿಯಾಕ ಬರಂಗಿಲ್ಲ, ಗಾಡಿ ಹೊಡೀತೀಯಾ" ಅನ್ನುತ್ತಿದ್ದ. ಈಗ ನಾಲ್ಕು ದಿನದಲ್ಲಿ ಕಲಿಸಿಬಿಟ್ಟ. ಒಂದು ಸಲವೂ ಬೈಯಲಿಲ್ಲ. ನೀರಿನ ಮೋಟರ್ ಹಿಡಿದುಕೊಂಡರೆ ಏನು ಮಾಡಬೇಕು, ಯಾವ ಕಾಗದ ಯಾವ ಡಬ್ಬಿಯಲ್ಲಿದೆ, ಎಲ್ಲ ತೋರಿಸಿಕೊಟ್ಟ. ಯಾರದೋ ಏಣಿ ಎರಡು ವರ್ಷದಿಂದ ನಮ್ಮಲ್ಲಿತ್ತು, ಒಯ್ದು ಕೊಟ್ಟು ಬಂದ. ಸೊಸೆಯ ಮುಖ ಅರಳಿತ್ತು. "ಅತ್ತಿ, ನೀವು ಏನರ ಬುದ್ಧಿ ಹೇಳಿದ್ರೇನ್ ಅವರಿಗೆ?" ಎಂದು ನನ್ನನ್ನೇ ಕೇಳಿದಳು.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿರುವ ನಮ್ಮ ಬೀಗರು, ಸೊಸೆಯ ತಂದೆ, ಆ ದಿನಗಳಲ್ಲೇ ಒಮ್ಮೆ ಬಂದಿದ್ದರು. ಅಳಿಯ ಎದ್ದು ನಿಂತು ಕುರ್ಚಿ ಕೊಟ್ಟದ್ದು ನೋಡಿ ಅವರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ.

"ಅಕ್ಕಾರ, ಅಳಿಯಂದ್ರು ಈಗ ಮನಷ್ಯಾ ಆಗ್ಯಾರ ನೋಡ್ರಿ. ಹಂಪಿಗೆ ಹೋಗಿ ವಿರೂಪಾಕ್ಷಗ ಒಂದು ಕಾಯಿ ಒಡಸ್ರಿ. ನಮ್ಮ ಹುಡುಗಿ ಪುಣ್ಯ ಮಾಡ್ಯಾಳ."

"ನಲವತ್ತೆರಡು ವರ್ಷ ಮನಷ್ಯಾ ಆಗಲಾರದಾವ ನಾಕ್ ದಿನದಾಗ ಹೆಂಗ್ ಆದ ಬೀಗ್ರ?" ಎಂದು ಕೇಳಿದೆ.

"ಎಲ್ಲಾ ಗ್ರಹಗತಿರಿ" ಅಂದರು. ಗಿರಣಿಯಲ್ಲಿ ಒಂದು ಕಲ್ಲು ಬಂದರೆ ಇಡೀ ಚೀಲ ಸುರುವಿ ನೋಡುವ ಮನುಷ್ಯ ಅವರು. ಅಕ್ಕಿಗೆ ಇರುವ ಅನುಮಾನ ಅಳಿಯನಿಗೆ ಬೇಕಾಗಲಿಲ್ಲ.

ನನಗೆ ಸಮಾಧಾನವಿರಲಿಲ್ಲ. ಕಾಶಿಗೆ ಹೊರಟವರು ಮನೆ ಒಪ್ಪಿಸುವುದು ಹೀಗೆ. ಇವನು ಯಾವ ಕಾಶಿಗೂ ಟಿಕೆಟ್ ತೆಗೆಸಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ದೇವರ ಜಗುಲಿ ಒರೆಸಲು ಹೋದಾಗ ಅವನ ಲಿಂಗದ ಕರಡಿಗೆ ಅಲ್ಲಿ ಕಂಡಿತು. ನಮ್ಮಲ್ಲಿ ಕೊರಳಿಗೆ ಕಟ್ಟಿಕೊಂಡ ಲಿಂಗವನ್ನು ಯಾರೂ ಮೈಯಿಂದ ತೆಗೆದಿಡುವುದಿಲ್ಲ. ಕೇಳಿದರೆ "ದಾರ ಜೀರ್ಣ ಆಗೈತಿ" ಅಂದ. ಅವತ್ತೇ ಪೇಟೆಗೆ ಹೋಗಿ ಹೊಸ ಶಿವದಾರ ತಂದು ಕರಡಿಗೆಯ ಪಕ್ಕದಲ್ಲಿಟ್ಟೆ. ಮೂರು ದಿನ ಕಳೆಯಿತು. ದಾರ ಹೊಸದಾಗಿಯೇ ಇತ್ತು, ಕರಡಿಗೆ ಅಲ್ಲೇ ಇತ್ತು.

ಭಾನುವಾರ ಮಧ್ಯಾಹ್ನ ಸೊಸೆ ಮೊಮ್ಮಗಳನ್ನು ಕೂಡಿಸಿಕೊಂಡು ಸ್ಕೂಟಿಯಲ್ಲಿ ಓಣಿ ಸುತ್ತಲು ಹೋಗಿದ್ದಳು. ಮಗ ಹಿತ್ತಲಿಗೆ ಬಂದು ಹಾಳಿಗಳ ಕಟ್ಟು ನನ್ನ ಮುಂದೆ ಇಟ್ಟ. ಈ ಸಲ ನಡುವೆ ಒಂದು ಪ್ರಶ್ನೆ ಹೆಚ್ಚಾಗಿತ್ತು. ಸಹೋದ್ಯೋಗಿಯ ನಿಧನದಿಂದ ನಿಮಗೆ ಬೇಸರವಾಗಿದೆಯೇ ಎಂದು ಕೇಳಿದ್ದರು. ಅದಕ್ಕೂ ಎರಡು ಚೌಕ.

"ಇದಕ್ಕೂ ಇಲ್ಲ ಅಂತನ ಹಾಕ್ಲಾ?"

"ಹೂಂ. ಎಲ್ಲದಕ್ಕೂ."

ಮೇಲಿದ್ದ ಹಾಳಿಯ ಸಹಿ ನೋಡಿದೆ. ಬೇರೆಯವರ ಹೆಸರು ಓದಲು ತಡವರಿಸಿದರೂ ಆ ಹೆಸರನ್ನು ಇಟ್ಟವಳು ನಾನೇ.

"ಇದು ನಿಂದು."

"ನಂದೂ ಹಾಕು."

"ನಿನ್ನ ಹಾಳಿ ನನ್ನ ಮುಂದ ನೀನ ಹಾಕು. ಕಡೀ ಪ್ರಶ್ನೆ ಓದು."

ಅವನು ಓದಲಿಲ್ಲ. ಶೇಂಗಾದ ಸಿಪ್ಪೆ ತೆಗೆದುಕೊಂಡು ಮುರಿಯತೊಡಗಿದ. ನಾನು ಕೇಳಲೋ ಬೇಡವೋ ಎಂದು ಯೋಚಿಸಿದೆ. ಹಾಗೆ ಬಾಯಿಬಿಟ್ಟು ಕೇಳಬಾರದು, ಕೇಳಿದರೆ ತಲೆಯಲ್ಲಿ ಇಲ್ಲದ್ದನ್ನು ನಾವೇ ಹಾಕಿದ ಹಾಗೆ ಎಂದು ಓಣಿಯ ಹೆಂಗಸರು ಅನ್ನುತ್ತಾರೆ. ಆದರೆ ಇವನ ತಲೆಗೆ ನಾನು ಏನಾದರೂ ಹಾಕಲು ನೋಡುತ್ತಿರುವುದು ನಲವತ್ತೆರಡು ವರ್ಷದಿಂದ, ಇಲ್ಲಿಯವರೆಗೆ ಒಂದೂ ಒಳಗೆ ಇಳಿದಿಲ್ಲ. ಇದೊಂದೇ ಇಳಿಯುತ್ತದೆಯೇ?

"ಸಾಯ್ಬೇಕು ಅನ್ನಸಾಕತ್ತೈತಾ ನಿನಗ?" ಎಂದು ಕೇಳಿದೆ. ಹೊಟ್ಟೆ ನೋಯುತ್ತಿದೆಯಾ ಅಂದಂತೆಯೇ ಕೇಳಿದೆ.

ಅವನು ಕೈಯಲ್ಲಿದ್ದ ಸಿಪ್ಪೆ ಪುಡಿ ಮಾಡಿದ. ಆಮೇಲೆ ಬೇರೆಯೇ ಹೇಳಿದ.

"ಆ ಸೋಮವಾರ ಅವ ಬಸ್ಸಿನಾಗ ನನ್ನ ಬಾಜೂಕ ಬಂದು ಕುಂತಿದ್ದ ಯವ್ವಾ. ಮೇಟ್, ಈ ತಿಂಗಳ ನನ್ನ ಹಾಳಿ ಕೊಡ್ರಿ, ನಾನ ತುಂಬ್ತೀನಿ ಅಂದ. ನಾ ಏನಂದೆ ಗೊತ್ತೇನು? ಆಗ್ಲೇ ತುಂಬೇತಿ, ಹೋಗಲೇ, ನೀ ಏನ್ ಕಲೆಕ್ಟರಾ ಅಂದೆ. ಎಲ್ಲಾರೂ ನಕ್ರು. ಅವನೂ ನಕ್ಕ. ಶುಕ್ರವಾರ ಹಂಗ ಮಾಡ್ಕೊಂಡ."

ಹಾಗಾದರೆ ಒಬ್ಬ ಮನುಷ್ಯ ಹೌದು ಎಂದು ಹಾಕಲು ತನ್ನ ಹಾಳಿ ಕೇಳಿಕೊಂಡು ಬಂದಿದ್ದ. ಆ ಹೊತ್ತಿಗೆ ಅವನ ಇಲ್ಲವನ್ನು ನಾನು ಶೇಂಗಾ ಸುಲಿಯುತ್ತಾ ಮುಗಿಸಿದ್ದೆ.

ಮಗನಿಗೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ನಿನ್ನದೇನು ತಪ್ಪಿಲ್ಲ ಮಗನೇ ಅಂದಿದ್ದರೆ ಅವನು ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ.

"ತಪ್ಪ ಹೌದು" ಅಂದೆ. "ನೀ ಅಂದದ್ದು ತಪ್ಪು. ನಾ ಟಿಕ್ ಹಾಕಿದ್ದೂ ತಪ್ಪು. ಆದ್ರ ನಿನ್ನ ಒಂದ್ ಮಾತಿಗೆ ಅವ ಸತ್ತ ಅಂತ ತಿಳ್ಕೊಬ್ಯಾಡ. ಅಷ್ಟು ದೊಡ್ಡಾವಲ್ಲ ನೀನು. ಅವನ ಮನಸಿನ್ಯಾಗ ಏನೇನ್ ಇತ್ತೋ, ನಮಗ ಕೇಳೋ ಪುರಸತ್ತು ಇರ್ಲಿಲ್ಲ. ಈಗ ನೀನೂ ಹೋದ್ರ ಏನಾಗತೈತಿ? ಹೊಸ ಮೇಟ್ ಬರ್ತಾನ, ಹಾಳಿಗೆ ಹತ್ತನೇ ಪ್ರಶ್ನಿ ಸೇರತೈತಿ. ಅದಕ್ಕೂ ಯಾರದರ ಅವ್ವ ಕುಂತು ಇಲ್ಲ ಅಂತ ಹಾಕ್ತಾಳ."

ಪೆನ್ನು ಅವನ ಕೈಗೆ ಕೊಟ್ಟೆ. ಅವನು ಟಿಕ್ ಹಾಕಲಿಲ್ಲ. ಕಡೆಯ ಪ್ರಶ್ನೆಯ ಚೌಕದ ಮೇಲೆ ಪೆನ್ನಿನ ತುದಿ ಇಟ್ಟು ಹಾಗೆಯೇ ಕುಳಿತ. ಮಸಿ ಇಳಿದು ಸಣ್ಣ ಚುಕ್ಕೆಯಾಯಿತು, ಆಮೇಲೆ ಸಾಸಿವೆಯಷ್ಟಾಯಿತು. ಹೌದು ಅನ್ನುವ ಚೌಕದಲ್ಲಿ. ಆಮೇಲೆ ಅತ್ತ. ಎಸಿ ಇರಲಿಲ್ಲ.

ಹಾಳಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ, ಇಂಥ ತೊಂದರೆ ಇದ್ದವರು ಹಗಲುರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು ಎಂದು ಒಂದು ನಂಬರ್ ಇತ್ತು. ಇಷ್ಟು ಸಾವಿರ ಟಿಕ್ ಹಾಕಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಟಿಕ್ ಹಾಕುವವರು ಅಷ್ಟು ಕೆಳಗೆ ನೋಡುವುದಿಲ್ಲ. ಸೊಸೆ ಬಂದಮೇಲೆ ಮುಚ್ಚಿಡದೆ ಹೇಳಿದೆ. ಅವಳು ಸ್ಕೂಟಿಯ ಕೀಲಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಯಾಕೆ ಕಲಿಸಿದ ಎಂದು ಅವಳಿಗೆ ಆಗ ಗೊತ್ತಾಯಿತು. ಆಮೇಲೆ ಅವಳೇ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಬೈಯದೆ, ಅವಸರ ಮಾಡದೆ ಮಾತಾಡಿದಳು. ಮಗನ ಹತ್ತಿರವೂ ಮಾತಾಡಿದಳು. ಒಬ್ಬರನ್ನೇ ಬಿಡಬೇಡಿ, ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಳು. ಮನೆಯಲ್ಲಿ ಇರಬಾರದಂಥದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಪಕ್ಕದ ಮನೆಗೆ ಸಾಗಿಸಿದೆ. ಏನೇನು ಎಂದು ಬರೆಯುವುದಿಲ್ಲ. ಬೀಗರು ಫೋನ್ ಮಾಡಿ ಕಾಯಿ ಒಡೆಸಿದಿರಾ ಎಂದು ಕೇಳಿದರು. ನಾಳೆ ಅಂದೆ.

ಮರುದಿನ ಬೆಳಿಗ್ಗೆ ಐದೂಕಾಲಿಗೆ ನಾನು ಹಾಳಿಗಳ ಕಟ್ಟು ತೆಗೆದುಕೊಂಡು ಓಣಿಯ ತುದಿಗೆ ಹೋದೆ. ಬಸ್ಸಿಗೆ ಕಾಯುತ್ತಿದ್ದವರು ಹತ್ತಾರು ಮಂದಿ ಇದ್ದರು. ಮೇಟ್ ಎಲ್ಲಿ ಎಂದು ಕೇಳಿದರು.

"ಬರಂಗಿಲ್ಲ ಇವತ್ತು. ದವಾಖಾನಿಗೆ ಹೋಗಬೇಕು."

"ಬೆನ್ನೇನ್ರಿ ಯವ್ವಾ? ಆಫೀಸಿನಾಗ ಬೆನ್ನು ಅಂತ ಹೇಳ್ತೀನಿ" ಎಂದು ದಪ್ಪ ಮೀಸೆಯ ಡಂಪರ್ ಡ್ರೈವರ್ ಅಂದ.

"ಬೆನ್ನು ನೆಟ್ಟಗೈತಿ. ಮನಸಿಗೆ ಭಾಳ ಬ್ಯಾಸರಾಗೈತಿ, ಸಾಯ್ಬೇಕು ಅನ್ನಸೈತಿ, ಅದಕ್ಕ ಡಾಕ್ಟರ್ ಹಂತ್ಯಾಕ ಹೋಗ್ಯಾನ ಅಂತ ಹೇಳ್ರಿ. ಅವನ್ನ ಕೇಳೇ ಬಂದೀನಿ."

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಲೇಸು ಎಲ್ಲರದೂ ಕಟ್ಟಿಯೇ ಇತ್ತು. ನಾನು ಕಟ್ಟು ಬಿಚ್ಚಿ ಖಾಲಿ ಹಾಳಿಗಳನ್ನು ಹಂಚಿದೆ. "ನಿಮ್ಮ ನಿಮ್ಮ ಹಾಳಿ ನೀವ ತುಂಬ್ರಿ. ಇಷ್ಟು ದಿನ ನಾ ತುಂಬೀನಿ, ಕೈ ನೋಯಾಕತ್ತೈತಿ. ಕೆಳಗ ಒಂದು ನಂಬರ್ ಐತಿ, ಅದನ್ನೂ ಓದ್ರಿ." ಚೀಟಿ ಸಾಹೇಬರಲ್ಲಿ ಒಬ್ಬನು ಹಿಂದೆ ನಿಂತಿದ್ದ. ಅವನ ಹಾಳಿಯನ್ನು ಅವನಿಗೆ ಎರಡು ಕೈಯಿಂದ ಕೊಟ್ಟೆ.

ಬಸ್ಸು ಬಂತು, ಹತ್ತಿದರು, ಹೋಯಿತು. ನಾನು ಓಣಿಯೊಳಗೆ ತಿರುಗಿದಾಗ ಹಿಂದೆ ಬೂಟಿನ ಸಪ್ಪಳ ಕೇಳಿತು. ದಪ್ಪ ಮೀಸೆಯವನು.

"ಬಸ್ ತಪ್ಪಿಸ್ಕೊಂಡ್ಯಲ್ಲೋ?"

"ಹೂಂನ್ರಿ. ಅಲ್ಲ ಯವ್ವಾ, ಆ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರ್ರಿ? ನನಗಲ್ಲ. ನಮ್ಮ ಷಡ್ಡಕಗ ಸ್ವಲ್ಪ ಹಂಗ ಆಗೈತಿ."

"ಒಂಬತ್ತಕ್ಕ ಬರ್ತಾರಂತ. ಷಡ್ಡಕ ಎಲ್ಲದಾನ?"

"ಮರಿಯಮ್ಮನಹಳ್ಳಿ ಕಡೆಯಿಂದ ಬರ್ತಾನ್ರಿ. ನಾ ಅವನ ಪರವಾಗಿ ಮೊದ್ಲ ಕೇಳಿ ನೋಡ್ತೀನಿ."

"ಬಾ. ಚಾ ಕುಡದು ಹೋಗೂಣು."

ಅವನು ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಪೂರಾ ಕುಡಿದನೋ ಇಲ್ಲವೋ ಎಂದು ನಾನು ಲೋಟ ಎತ್ತುವಾಗ ನೋಡಿದೆ. ಈಗ ಅದೊಂದು ಅಭ್ಯಾಸವಾಗಿದೆ. ಮಗ ಸ್ನಾನ ಮಾಡಿ ಬಂದ. ಜಗುಲಿಯ ಕಡೆ ನೋಡಲಿಲ್ಲ, ನಾನೂ ಕಟ್ಟಿಕೋ ಅನ್ನಲಿಲ್ಲ. ಕರಡಿಗೆಯನ್ನೂ ಹೊಸ ದಾರವನ್ನೂ ನನ್ನ ಚೀಲಕ್ಕೆ ಹಾಕಿಕೊಂಡೆ. ಸೊಸೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಸ್ಕೂಟಿಯಲ್ಲಿ ಹಿಂದಿನಿಂದ ಬರುತ್ತೇನೆ ಅಂದಳು. ನಾವು ಮೂವರು ಆಟೋ ಹತ್ತಿದೆವು. ದಾರಿಯುದ್ದಕ್ಕೂ ಗಂಡಸರಿಬ್ಬರೂ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದನ್ನು ಮಾತಾಡಿದರು.

ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಕಿಟಕಿಯ ಹೆಣ್ಣುಮಗಳು ಯಾರಿಗೆ, ಏನು ತೊಂದರೆ ಎಂದು ಕೇಳಿದಳು. ಹಿಂದೆ ಸಾಲು ಉದ್ದವಿತ್ತು. ಇಬ್ಬರೂ ಮೇಲಿನ ಫ್ಯಾನು ನೋಡುತ್ತಿದ್ದರು. ಆಕೆ ಪೆನ್ನನ್ನು ನನ್ನ ಕಡೆ ಚಾಚಿ, "ಅಜ್ಜಿ, ನೀವ ಬರ್ಕೊಡ್ರಿ" ಅಂದಳು.

"ನಾ ಬರಿಯೋದು ಬಿಟ್ಟೀನವ್ವ" ಎಂದೆ. ಪೆನ್ನು ಇಸಿದುಕೊಂಡು ಮಗನ ಕೈಗೆ ಕೊಟ್ಟು ಬೆಂಚಿನ ಮೇಲೆ ಹೋಗಿ ಕುಳಿತೆ.